ಗಾಡಿಯ ಕೆಳಗಿನ ಕೆಂಪು

ನನಗೆ ನನ್ನ ಕಿವಿಯ ಬಗ್ಗೆ ಸೊಕ್ಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನಾಚಿಕೆಯಾಗುತ್ತದೆ. ನಮ್ಮಪ್ಪ ಅಮಸಿದ್ದಪ್ಪ ಕುರಿ ಕಾಯುತ್ತಿದ್ದವನು. ಇನ್ನೂರು ಕುರಿಗಳ ಹಿಂಡಿನಲ್ಲಿ ಒಂದು ಕೆಮ್ಮಿದರೆ ಸಾಕು, ಕಣ್ಣು ಮುಚ್ಚಿಕೊಂಡೇ ಇಂಥದೇ ಕುರಿ ಎಂದು ಹೇಳಿ, ಎದ್ದು ಹೋಗಿ ಅದರ ಕಿವಿ ಹಿಡಿದು ಎಳೆದುಕೊಂಡು ಬರುತ್ತಿದ್ದ. ಅಪ್ಪನ ಕಿವಿ ಮಗನಿಗೆ ಬಂದಿದೆ ಎಂದು ಜಮಖಂಡಿಯಲ್ಲಿ ನಾಲ್ಕು ಮಂದಿ ಹೇಳುತ್ತಿದ್ದರು. ನಾನು ಅದನ್ನೇ ನಲವತ್ತು ಮಂದಿಗೆ ಹೇಳಿಕೊಂಡು ತಿರುಗುತ್ತಿದ್ದೆ.

ಕುಡಚಿ ರಸ್ತೆಯಲ್ಲಿ ನನ್ನದೊಂದು ತಗಡಿನ ಗ್ಯಾರೇಜು. ಲಾರಿ, ಟ್ರ್ಯಾಕ್ಟರು, ಬಾವಿಯ ಡೀಸೆಲ್ ಎಂಜಿನ್ನು, ಏನು ಬಂದರೂ ಮೊದಲು ಬಿಚ್ಚುತ್ತಿರಲಿಲ್ಲ. ಉದ್ದನೆಯ ಕಬ್ಬಿಣದ ಸರಳೊಂದನ್ನು ತೆಗೆದುಕೊಂಡು ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಹಚ್ಚಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಸುತ್ತ ನಿಂತವರೂ ಉಸಿರು ಬಿಗಿಹಿಡಿಯುತ್ತಿದ್ದರು. ಆ ಒಂದು ನಿಮಿಷ ನನಗೆ ಊಟಕ್ಕಿಂತ ಹಿತವಾಗಿರುತ್ತಿತ್ತು.

ಅರವತ್ತೊಂಬತ್ತನೆಯ ಇಸವಿ. ಅಮಾವಾಸ್ಯೆಯ ಮರುದಿನ, ಗುರುವಾರ ಮುಂಜಾನೆ ಬನಹಟ್ಟಿಯಿಂದ ಕಾಮಣ್ಣ ಬಂದ. ನೂಲಿನ ವ್ಯಾಪಾರಿ ಅಣ್ಣಾಸಾಹೇಬರ ತಮ್ಮ. ಅಂಗಡಿಯ ಗಡಿಬಿಡಿಯನ್ನು ಮೈಮೇಲೆ ಹೊತ್ತುಕೊಂಡೇ ತಿರುಗುವ ಮನುಷ್ಯ.

"ಹೊಳೆಪ್ಪ, ಅಣ್ಣನ ಗಾಡಿ ಯಾಕೋ ಒದರಾಕತ್ತೈತಿ. ಬಾ ಲಗೂನ," ಎಂದ.

"ಎಲ್ಲಿ ಒದರತೈತಿ? ಮುಂದೋ ಹಿಂದೋ?"

"ಅದ ಗೊತ್ತಿದ್ರ ನಿನ್ನ ಯಾಕ ಕರೀಲಿ? ಸರಳ ತಗೊಂಡ ನಡಿ."

ಜಾಕು, ಪಾನಾ, ಸರಳು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡು ಅವನ ಜೊತೆ ಬಸ್ಸು ಹತ್ತಿದೆ.

ಅಣ್ಣಾಸಾಹೇಬರ ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ಆರು ವರ್ಷದ ಹಿಂದೆ ಲೋಕಾಪುರದ ಹತ್ತಿರ ನೂಲು ಹೇರಿದ ಲಾರಿ ಮಗುಚಿ, ಅದರಲ್ಲಿದ್ದ ಅವರ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಮೇಲೆ ಎರಡು ವರ್ಷ ಅವರು ಮನೆಯ ಕಟ್ಟೆ ಬಿಟ್ಟು ಕದಲಿದ್ದೇ ಅಪರೂಪ. ಹೊರಗೆ ಹೋಗಬೇಕೆಂದರೆ ಇಬ್ಬರು ಬಗಲಲ್ಲಿ ಕೈ ಹಾಕಿ ಎತ್ತಿ ಜೀಪಿನಲ್ಲಿ ಕೂಡಿಸಬೇಕು, ಮತ್ತೆ ಇಬ್ಬರು ಇಳಿಸಬೇಕು. ಒಂದು ಸಲ ಮುಧೋಳದ ಪೇಟೆಯಲ್ಲಿ ಹಾಗೆ ಇಳಿಸುವಾಗ ಯಾರೋ ನಕ್ಕರಂತೆ. ಅಂದಿನಿಂದ ಹೊರಗೆ ಹೋಗುವುದನ್ನೇ ಬಿಟ್ಟರು. ಅವರು ಯಾರ ಮಾತನ್ನೂ ಕೇಳುವವರಲ್ಲ, ಯಾರ ಹೆಗಲನ್ನೂ ಬೇಡುವವರಲ್ಲ.

ಆಗ ಮುಂಬಯಿಯ ನೂಲಿನ ದಲ್ಲಾಳಿಯೊಬ್ಬ ಒಂದು ಸುದ್ದಿ ತಂದ. ಅಮೆರಿಕದ ದೊಡ್ಡ ಗಾಡಿಯೊಂದು ಮಾರಾಟಕ್ಕಿದೆ, ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತಾನೇ ಬದಲಾಗುತ್ತದೆ. ತುಳಿಯಲು ಎರಡೇ ಪೆಡಲು, ಎರಡಕ್ಕೂ ಬಲಗಾಲೊಂದೇ ಸಾಕು. ಎಡಗಾಲಿಗೆ ಕೆಲಸವೇ ಇಲ್ಲದ ಗಾಡಿ! ಅಣ್ಣಾಸಾಹೇಬರು ನೋಡದೆಯೇ ಕೊಂಡರು. ಅದು ಬಂದ ದಿನ ಅವರು ಒಬ್ಬರೇ ಕುಳಿತು ಬನಹಟ್ಟಿಯ ನೇಕಾರ ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದಾಗ, ಮಗ್ಗಗಳೆಲ್ಲ ನಿಂತು ಓಣಿ ನಿಶ್ಶಬ್ದವಾಗಿತ್ತಂತೆ. ನಾಲ್ಕು ವರ್ಷದಿಂದ ಅವರು ಊರುಗೋಲನ್ನು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ರಬಕವಿ, ಮುಧೋಳ, ಬೀಳಗಿ ಎಂದು ಒಬ್ಬರೇ ತಿರುಗುತ್ತಿದ್ದರು. ಅಂಥ ಇನ್ನೊಂದು ಗಾಡಿ ನಮ್ಮ ಸುತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಅದರ ಬಿಡಿಭಾಗವಂತೂ ಕೇಳುವುದೇ ಬೇಡ.

ಆ ಗಾಡಿಯ ಆರೈಕೆ ಮೊದಲಿನಿಂದಲೂ ನನ್ನದೇ. ಮೂರು ತಿಂಗಳಿಗೊಮ್ಮೆ ಬಂದು ಬಾನೆಟ್ಟು ಎತ್ತಿ, ಎಂಜಿನ್ನಿನ ಎಣ್ಣೆಯ ಮಟ್ಟ ನೋಡುವ ಕಡ್ಡಿ ಒಂದು, ಗೇರು ಪೆಟ್ಟಿಗೆಯ ಎಣ್ಣೆಯ ಕಡ್ಡಿ ಒಂದು, ಎರಡನ್ನೂ ಎಳೆದು ನೋಡಿ ಹೋಗುತ್ತಿದ್ದೆ.

ನಾವು ಹೋದಾಗ ಅಣ್ಣಾಸಾಹೇಬರು ಹಿತ್ತಲ ಚಪ್ಪರದಲ್ಲಿ ಗಾಡಿಯ ಬಾಗಿಲು ತೆರೆದು ಕುಳಿತಿದ್ದರು. ನಾನು ಚೀಲ ಇಳಿಸುವ ಮೊದಲೇ ಶುರು ಮಾಡಿದರು.

"ಕೇಳ ಹೊಳೆಪ್ಪ. ಎರಡು ತಿಂಗಳಾತು. ಮುಂಜಾನೆ ಚಾಲೂ ಮಾಡಿದ ಕೂಡಲೆ ಏನೂ ಇಲ್ಲ. ಎರಡ ಫರ್ಲಾಂಗ ಹೋಗೂತನಾ ಸುಮ್ಮನಿರತೈತಿ. ಆಮ್ಯಾಲ ಊಂ ಅಂತ ಹಿಡೀತೈತಿ. ಏರು ಬಂದ್ರ ಜೋರಾಗತೈತಿ. ಇನ್ನೊಂದು, ನಿಂತದ್ದನ್ನ ಮುಂದಕ ಹಾಕಿದ್ರ ಮೊದಲಿನಂಗ ಹೋಗಾಂಗಿಲ್ಲ. ಒಂದ ಗಳಿಗಿ ವಿಚಾರ ಮಾಡಿ, ಆಮ್ಯಾಲ ಧಡ್ ಅಂತ ಹೋಗತೈತಿ."

ನೇಕಾರ ಓಣಿಯಲ್ಲಿ ಹುಟ್ಟಿದವರ ಕಿವಿ ಅದು. ನೂರು ಮಗ್ಗ ಬಡಿಯುವಾಗ ಯಾವ ಮನೆಯ ಲಾಳಿ ತಪ್ಪಿತು ಎಂದು ಅವರಿಗೆ ತಿಳಿಯುತ್ತದೆ. ರೋಗದ ಜಾತಕವನ್ನೇ ಬರೆದು ನನ್ನ ಕೈಗೆ ಕೊಟ್ಟಿದ್ದರು. ನಾನು ಕೇಳುವವನಂತೆ ತಲೆಯಾಡಿಸಿದೆ. ಇವರು ಹೇಳುವುದೇನು, ನನ್ನ ಸರಳು ಹೇಳಲಿ ಎಂದು ಒಳಗೊಳಗೇ ಅಂದುಕೊಂಡೆ.

ಪಕ್ಕದಲ್ಲಿ ಕುಳಿತು ಜಮಖಂಡಿಯ ರಸ್ತೆಗೆ ಹೊರಟೆವು. ಓಣಿ ದಾಟಿ ಮಗ್ಗದ ಸದ್ದು ಹಿಂದೆ ಬಿದ್ದದ್ದೇ ತಡ, ಬಂತು. ಬಾಯಿ ಮುಚ್ಚಿಕೊಂಡು ಯಾರೋ ಒಂದೇ ಸಮನೆ ರಾಗ ಎಳೆದಂಥ ಸದ್ದು. ವೇಗ ಹೆಚ್ಚಿದರೆ ರಾಗ ಮೇಲೇರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ನನಗೆ ಮೈಯೆಲ್ಲ ಕಿವಿಯಾಯಿತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಇಂಥ ಸದ್ದನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ವಾಪಸು ಚಪ್ಪರಕ್ಕೆ ತಂದು ಹುಡುಕಲು ಶುರು ಮಾಡಿದೆ. ಮೊದಲು ಚಕ್ರದ ಬೇರಿಂಗ್ ಮೇಲೆ ಸಂಶಯ. ಗಾಡಿ ನಿಲ್ಲಿಸಿಯೇ ಎಂಜಿನ್ ಚಾಲೂ ಇಟ್ಟು ಎಕ್ಸಿಲೇಟರ್ ತುಳಿಸಿದೆ. ಚಕ್ರ ತಿರುಗದಿದ್ದರೂ ಸದ್ದು ಬಂತು. ಅಂದಮೇಲೆ ಚಕ್ರವಲ್ಲ, ಹಿಂದಿನ ಎಕ್ಸೆಲ್ಲೂ ಅಲ್ಲ. ಮುಂದೆ ಡೈನಮೋ ಮೇಲೆ ಸಂಶಯ. ಪಂಖದ ಬೆಲ್ಟು ಬಿಚ್ಚಿ ಒಂದು ನಿಮಿಷ ಓಡಿಸಿದೆ. ಆಗಲೂ ಬಂತು. ಕೊನೆಗೆ ಸರಳು ತೆಗೆದುಕೊಂಡು ಗಾಡಿಯ ಕೆಳಗೆ ತೂರಿ, ಎಂಜಿನ್ನಿಗೆ ಹಚ್ಚಿದೆ. ಅಲ್ಲಿ ಸಣ್ಣಗೆ ಇತ್ತು. ಒಂದು ಗೇಣು ಹಿಂದೆ ಸರಿಸಿ ಗೇರು ಪೆಟ್ಟಿಗೆಯ ಮೂತಿಗೆ ಹಚ್ಚಿದಾಗ ಸದ್ದು ತಲೆಬುರುಡೆಯೊಳಗೇ ನುಗ್ಗಿತು. ಸಿಕ್ಕಿತು! ಎಣ್ಣೆಯನ್ನು ಎಲ್ಲ ಕಡೆ ತಳ್ಳುವ ಪಂಪು ಅಲ್ಲೇ ಇರುತ್ತದೆ ಎಂಬುದಷ್ಟು ನನಗೆ ಗೊತ್ತಿತ್ತು. ಅದರಾಚೆಗೆ ಆ ಪೆಟ್ಟಿಗೆಯೊಳಗೆ ಏನಿದೆ ಎಂದು ದೇವರಾಣೆಗೂ ಗೊತ್ತಿರಲಿಲ್ಲ.

ಎಂಜಿನ್ ಬಂದ್ ಮಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಗೇರಿನ ಎಣ್ಣೆಯ ಕಡ್ಡಿ ಎಳೆದೆ. ಸರಿಯಾಗಿ ಮೇಲಿನ ಗೆರೆಗೆ ನಿಂತಿತ್ತು. ಗಾಡಿ ಬಂದ ಹೊಸದರಲ್ಲಿ ಗೆರೆಗಿಂತ ಎರಡು ಬೆರಳು ಮೇಲೆಯೇ ಇರುತ್ತಿತ್ತು. ಮುಂಬಯಿಯವರು ಜಾಸ್ತಿ ಸುರಿದಿದ್ದಾರೆ, ಈಗ ಹದಕ್ಕೆ ಬಂತು ಎಂದು ಮೆಚ್ಚಿಕೊಂಡೆ.

ಗಾಡಿಯ ಕೆಳಗಿಂದ ಎದ್ದಾಗ ನನ್ನ ಅಂಗಿಯ ಬೆನ್ನೆಲ್ಲ ಕೆಂಪಾಗಿತ್ತು. ನೆಲದ ಮೇಲೆ ಕೆಂಪು ಕಲೆ ಇದ್ದದ್ದನ್ನು ಮಲಗುವ ಮೊದಲೇ ನೋಡಿದ್ದೆ. ಹಿಂದಿನ ದಿನ ಅಮಾವಾಸ್ಯೆಯಲ್ಲವೇ? ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಇದ್ದವರ ಮನೆಯ ಹೆಣ್ಣುಮಕ್ಕಳು ಅರಿಷಿಣಕ್ಕೆ ಸುಣ್ಣ ಕಲಸಿ ಕೆಂಪು ನೀರು ಮಾಡಿ, ಗಾಡಿಗೆ ನಿವಾಳಿಸಿ ಗಾಲಿಯ ಬುಡದಲ್ಲಿ ಚೆಲ್ಲುತ್ತಾರೆ. ಕಣ್ಣುದೃಷ್ಟಿ ಹೋಗಲಿ ಎಂದು. ನೀರು ಇಳಿಸುವುದು ಎನ್ನುತ್ತಾರೆ ಇದಕ್ಕೆ. ಮರುದಿನ ನನ್ನ ಗ್ಯಾರೇಜಿಗೆ ಬರುವ ಲಾರಿಗಳ ಗಾಲಿಯೆಲ್ಲ ಕೆಂಪೇ. ಕೈ ಯಾವಾಗಲೂ ಎಣ್ಣೆಯಲ್ಲಿರುವ ನನಗೆ ಜಿಡ್ಡು ಬೇರೆ, ನೀರು ಬೇರೆ ಎಂದು ತಿಳಿಯುವುದೂ ಇಲ್ಲ. ಕಡ್ಡಿಯ ಮೇಲಿನ ಎಣ್ಣೆಯೂ ಕೆಂಪೇ ಇತ್ತು. ಎರಡು ಕೆಂಪನ್ನೂ ಕಣ್ಣು ನೋಡಿತು, ತಲೆ ಅವನ್ನು ಒಂದಕ್ಕೊಂದು ಸೇರಿಸಲಿಲ್ಲ. ಎಣ್ಣೆ ಗೆರೆಯ ತನಕ ತುಂಬಿದೆ ಎಂದಮೇಲೆ ಸೋರುವ ಮಾತೆಲ್ಲಿ ಬಂತು? ರಾತ್ರಿ ಮನೆಯಲ್ಲಿ ಸಾಬೂನು ಹಾಕಿ ತಿಕ್ಕಿದರೂ ಕಲೆ ಹೋಗದಿದ್ದಾಗ, ಸುಣ್ಣ ಜಾಸ್ತಿ ಹಾಕಿದ್ದಾರೆ ಎಂದು ಬೈದುಕೊಂಡೆ.

ಶುಕ್ರವಾರ ಮತ್ತೆ ಹೋಗಿ ಇಡೀ ದಿನ ಅದೇ ಪೆಟ್ಟಿಗೆಗೆ ಸರಳು ಹಚ್ಚಿ ಕೇಳಿದೆ. ಹೊಸದೇನೂ ಕೇಳಲಿಲ್ಲ. ಸಂಜೆ ಅಣ್ಣಾಸಾಹೇಬರೂ ಕಾಮಣ್ಣನೂ ಎದುರಿಗೆ ನಿಂತರು.

"ಏನಾಗೇತಿ ಹೇಳಪಾ," ಎಂದ ಕಾಮಣ್ಣ.

ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ಎರಡೇ ಶಬ್ದದ ಮಾತು ಅದು. ಅದು ನನ್ನ ಬಾಯಿಗೆ ಬರಲೇ ಇಲ್ಲ.

"ಒಳಗ ಪಂಪಿನ ಹಲ್ಲು ಸವದಾವ್ರಿ," ಎಂದೆ. "ಬಿಚ್ಚಿದ್ರ ತಿರಗಿ ಕೂಡಸೂದು ಈ ಕಡೆ ಯಾರ ಕೈಲೂ ಆಗಾಂಗಿಲ್ಲ. ಸಾಮಾನಂತೂ ಸಿಗೂದ ಇಲ್ಲ. ಹೀಂಗ ಓಡಿಸಿದ್ರ ಎಲ್ಲೋ ಅಡವ್ಯಾಗ ಕುಂತ ಬಿಡತೈತಿ."

ಕಾಮಣ್ಣನಿಗೆ ಅದೇ ಬೇಕಿತ್ತು. ಕೆಟ್ಟ ಮನುಷ್ಯನಲ್ಲ ಅವನು. ಒಂಟಿ ಕಾಲಿನ ಅಣ್ಣ ಒಬ್ಬನೇ ಬೀಳಗಿಯ ತನಕ ಹೋಗುವುದು ಅವನಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗಿತ್ತು. "ಕೇಳಿದಿಲ್ಲ ಅಣ್ಣಾ? ಹಳೇ ಗಾಡಿ ಒಡದ ಮಾರೂ ಸಾಂಗಲಿಯ ಮೋಡಕಾದವ ಕೇಳಿ ಹೋಗ್ಯಾನ. ಸೋಮವಾರ ಬಾ ಅಂತ ಹೇಳಿ ಕಳಸ್ತೇನಿ. ಒಂದ ಸಾದಾ ಗಾಡಿ ತರೂಣು, ಡ್ರೈವರ ಇಡೂಣು. ನೀ ಹಿಂದ ಆರಾಮ ಕುಂಡರು."

"ಮೂಟಿ ಕುಂತಂಗ," ಎಂದರು ಅಣ್ಣಾಸಾಹೇಬರು.

ಕಾರಿನ ಬಾಗಿಲನ್ನು ಮೆತ್ತಗೆ ಹಾಕಿ, ಊರುಗೋಲು ಊರಿಕೊಂಡು ಒಳಗೆ ಹೋದರು. ನಾನು ಜಾಕನ್ನು ಅಲ್ಲೇ ಮರೆತು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಮಾತು ಖರೆಯೇ ಇರಬೇಕು, ಖರೆಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ರವಿವಾರ ಮುಂಜಾನೆ ಜಾಕು ತರಲು ಹೋದೆ. ಅಣ್ಣಾಸಾಹೇಬರ ಹೆಂಡತಿ ಕೆಂಪವ್ವ ಹಿತ್ತಲ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದರು. ಅಣ್ಣನ ಹೆಂಡತಿಗೆ ಅನ್ನುವ ಹಾಗೆ ನಾನು ಅವರನ್ನು ವೈನಿ ಎನ್ನುತ್ತಿದ್ದೆ. ಮಾತು ಕಡಿಮೆಯ ಹೆಣ್ಣುಮಗಳು. ಆ ದಿನ ನನ್ನನ್ನು ನೋಡಿ ಮೊರ ಕೆಳಗಿಟ್ಟರು.

"ಹೊಳೆಪ್ಪ, ಅವರು ಶುಕ್ರವಾರದಿಂದ ಉಂಡಿಲ್ಲ. ಚಾ ಕುಡೀತಾರ, ಗ್ವಾಡಿ ನೋಡ್ತಾರ. ಕಾಲ ಹೋದಾಗೂ ಹೀಂಗ ಮಾಡಿರಲಿಲ್ಲ."

ನಾನು ಜಾಕನ್ನು ಎತ್ತಿಕೊಂಡು ತಲೆ ತಗ್ಗಿಸಿದೆ.

"ಒಂದ ಮಾತ ಕೇಳತೇನಿ, ನಗಬ್ಯಾಡ," ಎಂದರು. "ದೃಷ್ಟಿ ತಗೀಲಿಲ್ಲಂದ್ರ ಗಾಡಿ ಕೆಡತೈತೇನು?"

"ಅದೆಲ್ಲಾ ಏನಿಲ್ರಿ ವೈನಿ. ಅದು ಕಬ್ಬಿಣ. ಸವೀತೈತಿ, ಕೆಡತೈತಿ."

"ನನ್ನಿಂದ ಕೆಟ್ಟೇತಿ ಅದು. ಮೂರ ಅಮಾಸಿ ಆತು, ನಾ ಆ ಗಾಡಿಗಿ ನೀರ ಇಳಿಸಿಲ್ಲ. ಕಾಲ ಹೋದ ಮ್ಯಾಲ ಎರಡ ವರ್ಷ ಮನ್ಯಾಗಿದ್ರು. ನನ್ನ ಕೂಡ ಕುಂತ ಮಾತಾಡ್ತಿದ್ರು. ಗಾಡಿ ಬಂತು, ಮುಂಜಾನೆ ಹ್ವಾದವರು ಸಂಜಿಕ ಬರ್ತಾರ. ನಾಕ ವರ್ಷದಾಗ ಒಮ್ಮೆರೆ ನೀನೂ ಬಾ ಅಂದಿಲ್ಲ. ಸಿಟ್ಟ ಬಂತು. ನಿಮ್ಮ ಗಾಡಿಗಿ ನಾ ಇನ್ನ ನೀರ ಇಳಸಾಂಗಿಲ್ಲ ಅಂತ ಮಾರಿ ಮ್ಯಾಲ ಅಂದೆ. ಕೆಡಲಿ ಅಂತ ಮನಸಿನ್ಯಾಗೂ ಅಂದೆ. ಕೆಟ್ಟತು. ಈಗ ಅವರು ಮನ್ಯಾಗ ಅದಾರ, ನೋಡು, ಹೆಂಗ ಅದಾರ."

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಸಮಾಧಾನದ ಮಾತು ಹುಡುಕುತ್ತ ನಿಂತೆ. ಹುಡುಕುತ್ತಿರುವಾಗಲೇ ತಲೆಯಲ್ಲಿ ಏನೋ ತಡವರಿಸಿತು.

"ವೈನಿ, ಮೊನ್ನಿ ಬುಧವಾರ ಅಮಾಸಿಗೂ ನೀರ ಇಳಿಸಿಲ್ಲೇನ್ರಿ?"

"ಇಲ್ಲಪಾ. ಹೇಳಿದೆನಲ್ಲ."

"ಮತ್ತ ಬ್ಯಾರೆ ಯಾರರೆ?"

"ಮನ್ಯಾಗ ಬ್ಯಾರೆ ಹೆಣ್ಣಮಕ್ಕಳ ಯಾರದಾರ?"

"ಹಂಗಾದ್ರ ಗಾಡಿ ಬುಡಕಿನ ಆ ಕೆಂಪ ನೀರ ಯಾರದ್ರಿ?"

"ಯಾವ ಕೆಂಪ ನೀರ?" ಎಂದು ಅವರು ನನ್ನನ್ನೇ ಕೇಳಿದರು.

ಜಾಕನ್ನು ಕೈಬಿಟ್ಟು ಚಪ್ಪರಕ್ಕೆ ಓಡಿದೆ. ಕಲೆ ಅಲ್ಲೇ ಇತ್ತು. ಅಮಾವಾಸ್ಯೆಯ ನೀರಾಗಿದ್ದರೆ ನಮ್ಮ ಬಿಸಿಲಿಗೆ ನಾಲ್ಕು ದಿನದಲ್ಲಿ ಒಣಗಿ ಹುಡಿಯಾಗಿರಬೇಕಿತ್ತು. ಇದು ಹಸಿಯಾಗಿಯೇ ಇತ್ತು. ನಡುವೆ ಹೊಸದೊಂದು ಹನಿ ಹೊಳೆಯುತ್ತಿತ್ತು. ಬೆರಳು ಅದ್ದಿ ಹೆಬ್ಬೆರಳಿಗೆ ತಿಕ್ಕಿದಾಗ ಜಾರಿತು. ಆದರೂ ನನ್ನ ಬೆರಳನ್ನು ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. "ವೈನಿ, ಒಂದ ತಂಬಗಿ ನೀರ ತರ್ರಿ!" ಎಂದು ಕೂಗಿದೆ. ಅವರು ತಂದ ನೀರನ್ನು ಕಲೆಯ ಮೇಲೆ ಸುರಿದೆ. ಕೆಂಪು ಕರಗಲಿಲ್ಲ, ಗುಂಡುಗುಂಡಾಗಿ ನೀರಿನ ಮೇಲೆ ತೇಲಿತು. ಎಣ್ಣೆ.

ಎಷ್ಟು ದಿನದಿಂದಲೋ ಗೇರು ಪೆಟ್ಟಿಗೆ ಹನಿಹನಿಯಾಗಿ ಸೋರುತ್ತಿತ್ತು. ನಾನು ಅದರ ಮೇಲೆಯೇ ಅಂಗಾತ ಮಲಗಿ, ಸರಳು ಹಚ್ಚಿಕೊಂಡು, ಕಣ್ಣು ಮುಚ್ಚಿ ಕೇಳಿದ್ದೆ. ನಮ್ಮಪ್ಪ ನೋಡಿದ್ದರೆ ಕುರಿಯ ಬದಲು ನನ್ನ ಕಿವಿಯನ್ನೇ ಹಿಡಿದು ಎಳೆಯುತ್ತಿದ್ದ.

ಕೂಡಲೇ ಬಾನೆಟ್ಟು ಎತ್ತಿ ಗೇರಿನ ಕಡ್ಡಿ ಎಳೆದೆ. ಎಣ್ಣೆ ಸರಿಯಾಗಿ ಗೆರೆಗೇ ನಿಂತಿತ್ತು! ಒರೆಸಿ ಮತ್ತೆ ಅದ್ದಿದೆ. ಮತ್ತೆ ಗೆರೆಗೇ. ಕೆಳಗೆ ನೋಡಿದರೆ ಸೋರಿದೆ, ಮೇಲೆ ನೋಡಿದರೆ ತುಂಬಿದೆ. ಕಡ್ಡಿ ಕೈಯಲ್ಲಿ ಹಿಡಿದು ಹುಚ್ಚನ ಹಾಗೆ ನಿಂತೆ.

ಗದ್ದಲ ಕೇಳಿ ಅಣ್ಣಾಸಾಹೇಬರು ಊರುಗೋಲು ಊರುತ್ತ ಬಂದು ಬಾಗಿಲಲ್ಲಿ ನಿಂತಿದ್ದರು. ಗಡ್ಡ ಬೆಳೆದಿತ್ತು.

"ಏನದು?" ಎಂದರು.

"ಎಣ್ಣಿ ಸೋರೇತ್ರಿ. ಆದ್ರ ಕಡ್ಡಿ ತುಂಬೇತಿ ಅಂತೈತಿ. ಎರಡರಾಗ ಒಂದ ಸುಳ್ಳ ಹೇಳಾಕತ್ತೈತಿ. ಯಾವುದು ಅಂತ," ಎಂದು ನಾನು ಈ ಸಲ ಹೇಳಿಯೇಬಿಟ್ಟೆ, "ನನಗ ಗೊತ್ತಿಲ್ರಿ."

ಅವರು ಬಂದು ಕಡ್ಡಿಯನ್ನು ನೋಡಿದರು. ನೆಲವನ್ನು ನೋಡಿದರು. ಆ ಹೊತ್ತು ಅವರ ಮುಖದ ಮೇಲೆ ಸಿಟ್ಟಿರಲಿಲ್ಲ, ಉಪವಾಸವೂ ಇರಲಿಲ್ಲ. ಗಂಟು ಬಿದ್ದ ನೂಲಿನ ತುದಿ ಹುಡುಕುವವರ ಹಾಗೆ ನೋಡುತ್ತಿದ್ದರು.

"ಎಂಜಿನ್ ಬಂದ್ ಇದ್ದಾಗ ನೋಡತಿ ಅಲ್ಲ ನೀ ಯಾವಾಗೂ?"

"ಹೌದ್ರಿ. ಟ್ರ್ಯಾಕ್ಟರಕ್ಕೂ ಹಂಗ, ಲಾರಿಗೂ ಹಂಗ. ಬಂದ್ ಮಾಡೇ ನೋಡಬೇಕು."

"ನಮ್ಮ ಮುಧೋಳ ಹಾದಿ ಹೊಲದಾಗಿನ ಬಾವಿ ನೋಡಿಯಿಲ್ಲ? ಮುಂಜಾನೆ ಮೋಟರ ಬಂದ್ ಇದ್ದಾಗ ನೀರ ಮೇಲಿನ ಮೆಟ್ಟಲಕ ನಿಂತಿರತೈತಿ. ಮೋಟರ ಚಾಲೂ ಮಾಡಿ ಒಂದ ತಾಸ ಬಿಟ್ಟ ನೋಡು, ತಳ ಕಾಣತೈತಿ. ಇದ್ರಾಗೂ ಪಂಪ ಐತಿ ಅಂತಿ. ಪಂಪ ನಿಂತಾಗ ಎಣ್ಣಿ ಎಲ್ಲಾ ಬಂದು ಬಾವ್ಯಾಗ ಕುಂಡರತೈತಿ. ಓಡೂ ಮುಂದ ನೋಡಬೇಕೋ ಏನೋ."

ಅವರು ಕುಳಿತು ಎಂಜಿನ್ ಚಾಲೂ ಮಾಡಿದರು. ಹತ್ತು ನಿಮಿಷ ಕಾಯಲು ಬಿಟ್ಟೆವು. ಊಂ ಎಂಬ ರಾಗ ಎದ್ದಿತು. ಎಂಜಿನ್ ಓಡುತ್ತಿರುವಾಗಲೇ ನಾನು ಕಡ್ಡಿ ಎಳೆದೆ. ತುದಿಯಲ್ಲಿ ಒಂದು ಹನಿಯೂ ಇರಲಿಲ್ಲ. ಒರೆಸಿ ಮತ್ತೆ ಅದ್ದಿದೆ, ಒಣಕಡ್ಡಿ!

ಆಗ ಎಲ್ಲವೂ ಒಂದೊಂದಾಗಿ ಬಂದು ಸಾಲಾಗಿ ನಿಂತವು. ಮುಂಜಾನೆ ಎಣ್ಣೆಯೆಲ್ಲ ತಳಕ್ಕೆ ಇಳಿದಿರುತ್ತದೆ, ಅದಕ್ಕೇ ಮೊದಲ ಎರಡು ಫರ್ಲಾಂಗು ಸದ್ದಿಲ್ಲ. ಪಂಪು ಅದನ್ನು ಮೇಲೆಳೆದ ಮೇಲೆ ತಳ ಬರಿದಾಗಿ ಪಂಪು ಗಾಳಿ ಕುಡಿಯುತ್ತದೆ. ಗಾಳಿ ಕುಡಿದ ಪಂಪೇ ಊಂ ಎನ್ನುವುದು. ಏರಿನಲ್ಲಿ ಇದ್ದಷ್ಟು ಎಣ್ಣೆ ಹಿಂದಕ್ಕೆ ಸರಿಯುತ್ತದೆ, ಸದ್ದು ಜೋರಾಗುತ್ತದೆ. ಅಣ್ಣಾಸಾಹೇಬರು ಗುರುವಾರವೇ ಇಷ್ಟನ್ನೂ ಹೇಳಿದ್ದರು. ಹಲ್ಲು ಸವೆದಿದ್ದರೆ ಮುಂಜಾನೆ ಬಿಡುವು ಕೊಡುತ್ತಿತ್ತೇ? ಕೇಳಬೇಕಾದದ್ದು ಗಾಡಿಯ ಮಾತಷ್ಟೇ ಅಲ್ಲ, ಗಾಡಿಯವನ ಮಾತನ್ನೂ ಎಂದು ಆ ಹೊತ್ತು ನನಗೆ ತಿಳಿಯಿತು.

"ಎಣ್ಣಿ ಎಲ್ಲಿ ಸಿಗತೈತ್ರಿ ಈಗ?" ಎಂದೆ ಅಳುಮೋರೆಯಲ್ಲಿ.

"ಮುಂಬೈದವ ಗಾಡಿ ಕೂಡ ನಾಕ ಡಬ್ಬಿ ಕೊಟ್ಟಿದ್ದ. ಕಪಾಟಿನ್ಯಾಗ ಅದಾವ. ತುಂಬೇತಿ, ತುಂಬೇತಿ ಅಂತ ನೀನ ಹೇಳತಿದ್ದಿ, ಒಂದೂ ಒಡದಿಲ್ಲ."

ಕೆಂಪವ್ವ ಓಡಿಹೋಗಿ ಡಬ್ಬಿ ತಂದರು. ಎಂಜಿನ್ ಓಡುತ್ತಿರುವಂತೆಯೇ ಮೊದಲ ಡಬ್ಬಿ ಸುರಿದೆ. ರಾಗ ಸಣ್ಣಗಾಯಿತು. ಎರಡನೆಯದರ ಅರ್ಧಕ್ಕೆ ಬರುವಾಗ ತುಂಡು ತುಂಡಾಯಿತು. ಆಮೇಲೆ ನಿಂತೇಹೋಯಿತು. ಎಂಜಿನ್ನಿನ ಸಾದಾ ಗುರುಗುರು, ದೂರದಲ್ಲಿ ಮಗ್ಗದ ಸದ್ದು, ಅಷ್ಟೇ. ಅಣ್ಣಾಸಾಹೇಬರು ಗೇರಿನ ಕೋಲನ್ನು ಮುಂದಕ್ಕೆ ಹಾಕಿದರು. ಗಾಡಿ ವಿಚಾರ ಮಾಡಲಿಲ್ಲ, ಮೆತ್ತಗೆ ಒಂದು ಮಾರು ಮುಂದೆ ಸರಿಯಿತು. ಅವರು ತಲೆಯನ್ನು ಸ್ಟೇರಿಂಗಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ಎತ್ತಿ, "ಹಸಿವ್ಯಾಗೇತಿ," ಎಂದರು.

ಅವರು ಉಣ್ಣುವಷ್ಟರಲ್ಲಿ ನಾನು ಸೋರುವ ಜಾಗ ಹುಡುಕಿದೆ. ಗೇರಿನ ಕೋಲಿನ ಸರಳು ಪೆಟ್ಟಿಗೆಯ ಮಗ್ಗುಲಲ್ಲಿ ಒಳಗೆ ಹೋಗುವ ತೂತಿನ ರಬ್ಬರ್ ಬಳೆ ಸೀಳಿತ್ತು. ಗಾಡಿ ನಿಂತು ಎಣ್ಣೆ ಮೇಲೇರಿದಾಗ ಮಾತ್ರ ಅಲ್ಲಿಂದ ಜಿನುಗುತ್ತಿತ್ತು. ಆ ಅಳತೆಯ ರಬ್ಬರು ಎಲ್ಲಿಂದ ತರುವುದು? ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ಹೋಗಿ, ಹಳೆಯದನ್ನು ತೋರಿಸಿ, ತೆಳು ತೊಗಲಿನಲ್ಲಿ ಅಂಥದೇ ಬಳೆ ಕೊರೆಸಿದೆ. ಎಣ್ಣೆಯಲ್ಲಿ ನೆನೆಹಾಕಿ, ಮರೆತು ಹೋಗಿದ್ದ ಅದೇ ಜಾಕಿನಿಂದ ಗಾಡಿಯ ಒಂದು ಮಗ್ಗುಲು ಎತ್ತಿ ಕೂಡಿಸಿದೆ. ಅಂಗಡಿಯಿಂದ ಬಂದ ಕಾಮಣ್ಣ ಗಾಡಿಯನ್ನು ಕೇಳಿ, ಅಣ್ಣನನ್ನು ನೋಡಿ, ನನ್ನ ಕಡೆ ತಿರುಗಿದ.

"ಹಲ್ಲ ಸವದಿದ್ದುವಲ್ಲೋ?"

"ಸವದದ್ದು ನನ್ನ ತಲಿ," ಎಂದೆ.

ಸೋರುವುದು ಖರೆಯೇ ನಿಂತಿತೋ ಎಂದು ನೋಡಲು ಬಿಳಿ ಕೋರಾ ಬಟ್ಟೆಯೊಂದನ್ನು ಗಾಡಿಯ ಕೆಳಗೆ ಹಾಸಿದೆ. ಬನಹಟ್ಟಿಯಲ್ಲಿ ಬಟ್ಟೆಗೇನು ಬರ? ಸೋಮವಾರ ಮುಂಜಾನೆ ಮೊದಲ ಬಸ್ಸಿಗೇ ಬಂದೆ. ಕಾಮಣ್ಣ ಸಾಂಗಲಿಯ ಮೋಡಕಾದವನನ್ನು ಓಣಿಯ ಬಾಯಿಂದಲೇ ಚಹಾ ಕುಡಿಸಿ ಕಳಿಸಿದ್ದ. ನಾನು ಬಟ್ಟೆ ಎಳೆದು ಬಿಸಿಲಿಗೆ ಹಿಡಿದೆ. ಒಂದು ಚುಕ್ಕೆಯೂ ಇರಲಿಲ್ಲ. ಕುಣಿಯುವಷ್ಟು ಖುಷಿಯಾಯಿತು. ಅಣ್ಣಾಸಾಹೇಬರ ಮುಖ ನೋಡಿದರೆ ಅಲ್ಲಿ ಖುಷಿಯ ಜೊತೆಗೆ ಇನ್ನೇನೋ ಇತ್ತು. ಅವರು ಬಟ್ಟೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುವಿ ನೋಡಿದರು.

"ಅಂದ್ರ, ಮೂರ ತಿಂಗಳದಿಂದ ಇಲ್ಲಿ ಬಿದ್ದದ್ದೆಲ್ಲಾ ಎಣ್ಣಿನೇನು ಹೊಳೆಪ್ಪ?"

"ಹೌದ್ರಿ. ನೀವು ನೋಡಿದ್ರೇನ್ರಿ ಅದನ್ನ?"

"ನೋಡಿದೆ." ಅವರು ಕಾಮಣ್ಣನಿಗೆ ಕೇಳದಂತೆ ದನಿ ತಗ್ಗಿಸಿದರು. "ನಾ ಅದು ಆಕೀದು ಅಂತ ತಿಳದಿದ್ದೆ. ಇನ್ನ ನೀರ ಇಳಸಾಂಗಿಲ್ಲ ಅಂತ ಮಾರಿ ಮ್ಯಾಲ ಅಂದಿದ್ಲು. ಆದ್ರ ಅಮಾಸಿ ಆದ ಮರುದಿನ ನೋಡಿದ್ರ ಬುಡಕ ಕೆಂಪ ಇತ್ತು. ಬಾಯಿಲೆ ಬ್ಯಾಡಂದ್ರೂ, ನಾ ಏಳೂದ್ರಾಗ ಬಂದು ಇಳಿಸಿ ಹೋಗ್ತಾಳ ಅಂತ ತಿಳಕೊಂಡೆ. ಕೇಳಿದ್ರ ಮತ್ತ ಸಿಟ್ಟ ಮಾಡ್ಯಾಳು ಅಂತ ಕೇಳಲಿಲ್ಲ. ದಿನಾ ಅದನ್ನ ನೋಡಿ ಗಾಡಿ ಹತ್ತತಿದ್ದೆ."

ತಲೆ ಎತ್ತಿದರೆ ಹಿತ್ತಲ ಬಾಗಿಲ ಮರೆಯಲ್ಲಿ ಕೆಂಪವ್ವನ ಸೀರೆಯ ಅಂಚು ಕಂಡಿತು. ಕೇಳಿಸಿಕೊಂಡಿದ್ದರು. ಅಂಚು ಸರಕ್ಕನೆ ಒಳಗೆ ಹೋಯಿತು. ಗಾಡಿಯನ್ನು ನೆಟ್ಟಗೆ ಮಾಡಿ ಮನೆಯನ್ನು ಕೆಡಿಸಿದೆನಲ್ಲಾ ಎಂದುಕೊಂಡು, ಪಾನಾ, ಸರಳು ಎಲ್ಲವನ್ನೂ ಚೀಲಕ್ಕೆ ತುಂಬತೊಡಗಿದೆ.

ಚೀಲದ ಬಾಯಿ ಕಟ್ಟುವಷ್ಟರಲ್ಲಿ ಕೆಂಪವ್ವ ಹೊರಗೆ ಬಂದರು. ಕೈಯಲ್ಲಿ ಹಿತ್ತಾಳೆಯ ತಾಟು, ತಾಟಿನಲ್ಲಿ ಕೆಂಪು ನೀರು. ಅಮಾವಾಸ್ಯೆಯಾಗಿ ಐದು ದಿನವಾಗಿತ್ತು. ಯಾರ ಮುಖವನ್ನೂ ನೋಡದೆ ಗಾಡಿಯ ಮುಂದೆ ನಿಂತು ಮೂರು ಸುತ್ತು ನಿವಾಳಿಸಿದರು. ಬಲಗಾಲಿಯ ಬುಡದಲ್ಲಿ ಅರ್ಧ, ಎಡಗಾಲಿಯ ಬುಡದಲ್ಲಿ ಅರ್ಧ ಚೆಲ್ಲಿದರು. ಆಮೇಲೆ ಬರಿದಾದ ತಾಟನ್ನು ಹಿಡಿದುಕೊಂಡು ಅಲ್ಲಿಯೇ ನಿಂತರು.

ಅಣ್ಣಾಸಾಹೇಬರು ಗಾಡಿ ಹತ್ತಿದರು, ಎಂಜಿನ್ ಚಾಲೂ ಮಾಡಿದರು. ಆದರೆ ಹೊರಡಲಿಲ್ಲ. ಪಕ್ಕದ ಸೀಟಿನ ಮೇಲಿದ್ದ ಊರುಗೋಲನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿದರು. ಬಗ್ಗಿ ಆ ಕಡೆಯ ಬಾಗಿಲನ್ನು ತಾವೇ ತೆರೆದರು.

"ಹತ್ತು," ಎಂದರು.

"ಎಲ್ಲಿಗಿ?"

"ಮುಧೋಳಕ. ಬಿಸಲ ಏರೂದ್ರಾಗ ಬರೂಣು."

"ಒಲಿ ಮ್ಯಾಲ ಹಾಲ ಐತ್ರಿ."

"ಕಾಮಣ್ಣ ನೋಡ್ತಾನ. ನೀ ಹತ್ತು."

ಕೆಂಪವ್ವ ತಾಟನ್ನು ನನ್ನ ಕೈಗೆ ಕೊಟ್ಟರು, ಸೆರಗು ತಲೆಯ ಮೇಲೆ ಎಳೆದುಕೊಂಡರು, ಹತ್ತಿ ಕುಳಿತರು. ಗಾಡಿ ಹಿತ್ತಲು ದಾಟಿ ಓಣಿಗೆ ಇಳಿಯಿತು. ನಾನು ಕಿವಿಗೊಟ್ಟು ನಿಂತೆ. ಎರಡು ಫರ್ಲಾಂಗು ದಾಟಿರಬೇಕು, ಊಂ ಎಂಬ ರಾಗ ಏಳಲಿಲ್ಲ. ಮಗ್ಗದ ಸದ್ದಿನಲ್ಲಿ ಗಾಡಿಯ ಸದ್ದು ಕರಗಿಹೋಯಿತು.

ಗಾಡಿ ನಿಂತಿದ್ದ ಜಾಗದಲ್ಲಿ ಕೆಂಪು ನೀರು ಹರಿದು ಮಣ್ಣಿಗೆ ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಮೂಗಿಗೆ ಹಿಡಿದೆ.

ಕಾಮಣ್ಣ ಗಾಬರಿಯಾಗಿ ಹತ್ತಿರ ಬಂದ. "ಯಾಕೋ, ಮತ್ತ ಸೋರಾಕತ್ತೈತೇನು?"

"ಇಲ್ಲ," ಎಂದೆ. "ಇದು ವೈನಿಯವರದು. ನೀ ಹೋಗಿ ಹಾಲ ನೋಡು."